ಟೈರಿಗೆ ಹೊಲಿಗೆ ಹಾಕಿದ ಆ ರೀಲ್‌ನ ಉಳಿದ ಅರ್ಧ

ಭಾಗ 1

ಕಳೆದ ಮಳೆಗಾಲದಲ್ಲಿ ನಾನು ಹಾಕಿದ್ದ ಒಂದು ರೀಲ್ ನಿಮ್ಮಲ್ಲಿ ತುಂಬ ಜನಕ್ಕೆ ನೆನಪಿರುತ್ತೆ. ಥಾರ್ ಟೈರಿನ ಪಕ್ಕ ಹರಿದಿದೆ. ನಾನೂ ದೊಡ್ಡಪ್ಪನ ಮಗ ಅಣ್ಣನೂ ಕೊಟ್ಟಿಗೆ ಪಕ್ಕ ಕೂತ್ಕೊಂಡು ದಪ್ಪ ನೈಲಾನ್ ದಾರದಲ್ಲಿ ಅದನ್ನ ಹೊಲೀತಾ ಇದ್ದೀವಿ. ಕೊನೇಲಿ ಗಾಳಿ ತುಂಬಿ, ಟೈರ್ ಗಟ್ಟಿ ನಿಂತಿದೆ ಅಂತ ನಾನು ಕಾಲಲ್ಲಿ ಒದ್ದು ತೋರಿಸ್ತೀನಿ. "ಹೊಸ ಟೈರಿಗೆ 9 ಸಾವಿರ, ನಮಗೆ ಆಗಿದ್ದು 180 ರೂಪಾಯಿ" ಅಂತ ಕ್ಯಾಪ್ಶನ್. ನನ್ನ ಪೇಜ್‌ನಲ್ಲಿ ಅದರಷ್ಟು ಓಡಿದ ರೀಲ್ ಇನ್ನೊಂದಿಲ್ಲ.

ಅದರ ಉಳಿದ ಅರ್ಧ ಕಥೆ ನಾನು ಹಾಕಿರಲಿಲ್ಲ. ನಾಚಿಕೆ ಆಗಿತ್ತು, ಅದಕ್ಕೆ.

ಮೊನ್ನೆ ರಾತ್ರಿ ನಮ್ಮ ಕಾಲೇಜಿನ ಸೆಕೆಂಡ್ ಇಯರ್ ಹುಡುಗ ಒಬ್ಬ ಡಿಎಂ ಮಾಡಿದ್ದ. "ಅಣ್ಣಾ, ನಿಮ್ ರೀಲ್ ನೋಡಿ ನಮ್ಮಪ್ಪನ ಪಿಕಪ್ ಟೈರಿಗೂ ಹಂಗೇ ಹೊಲಿಗೆ ಹಾಕ್ದೆ. ಸೂಪರ್ ಆಗಿ ನಿಂತಿದೆ. ನಾಳೆ ಬೆಳಿಗ್ಗೆ ಅಪ್ಪ ಕೆಲಸದೋರನ್ನ ಕರ್ಕೊಂಡ್ ಬರೋಕೆ ಹೋಗ್ತಾರೆ" ಅಂತ. ಜೊತೆಗೆ ಫೋಟೋ. ಹೊಲಿಗೆ ನಮ್ಮದಕ್ಕಿಂತ ನೀಟಾಗಿತ್ತು.

ರಾತ್ರಿ ಹನ್ನೊಂದೂವರೆಗೆ ಅವನಿಗೆ ಫೋನ್ ಮಾಡ್ದೆ. ಮೊದಲು ಅವನ ಹತ್ರ, ಆಮೇಲೆ ನಿದ್ದೆಗಣ್ಣಲ್ಲಿದ್ದ ಅವರಪ್ಪನ ಹತ್ರ ಮಾತಾಡಿದೆ. ಸ್ವಲ್ಪ ಬೈದ್ರು. ಬೆಳಿಗ್ಗೆ ಸ್ಟೆಪ್ನಿ ಹಾಕ್ಕೊಂಡು ಹೋದ್ರಂತೆ. ಡಿಎಂ ಮಾಡಿದ್ದು ಒಬ್ಬ. ಮಾಡದೇ ಇರೋರು ಎಷ್ಟು ಜನ ಅಂತ ನನಗೆ ಗೊತ್ತಿಲ್ವಲ್ಲ, ಅದಕ್ಕೇ ಈ ಉದ್ದದ ಕ್ಯಾಪ್ಶನ್‌ಗಳು. ಒಂದರಲ್ಲಿ ಹಿಡಿಯಲ್ಲ, ಭಾಗ ಮಾಡಿ ಹಾಕ್ತಿದೀನಿ.

ಭಾಗ 2

ಟೈರ್ ಹರಿದಿದ್ದು ದೇವರಮನೆ ಕಡೆ ಪರಿಚಯದವರ ತೋಟದಲ್ಲಿ. ಕೆಸರಲ್ಲಿ ಹಿಡಿತ ಸಿಗಲಿ ಅಂತ ಗಾಳಿ 18 ಪಿಎಸ್‌ಐಗೆ ಇಳಿಸಿದ್ವಿ. ಆಫ್‌ರೋಡ್ ಮಾಡೋರೆಲ್ಲ ಇಳಿಸ್ತಾರೆ, ಅದು ತಪ್ಪಲ್ಲ. ಆದರೆ ಗಾಳಿ ಕಮ್ಮಿ ಆದಾಗ ಟೈರಿನ ಹೊಟ್ಟೆ ಪಕ್ಕಕ್ಕೆ ಉಬ್ಬಿ ಆಚೆ ಬರುತ್ತೆ. ಅಲ್ಲೊಂದು ಓರೆಯಾಗಿ ಕಡಿದಿದ್ದ ಕಾಫಿ ಗಿಡದ ಬುಡ ಇತ್ತು, ಒಣಗಿ ಗೂಟ ಆಗಿತ್ತು. ಸೀದಾ ಸೈಡ್‌ವಾಲ್‌ಗೆ ಹೋಯ್ತು. ಎರಡು ಇಂಚು ಸೀಳು.

ತೋಟದಿಂದ ಆಚೆ ಬಂದಿದ್ದು ಆ ಸೀಳಿಗೆ ಐದು ಪಂಚರ್ ಸ್ಟ್ರಿಪ್ ಒಟ್ಟಿಗೆ ತುರುಕಿ, ದಾರಿಲಿ ಮೂರು ಸಲ ಗಾಳಿ ತುಂಬಿಸಿಕೊಂಡು, ಫಸ್ಟ್ ಗೇರಲ್ಲಿ. ಅಷ್ಟು ಮಾಡಿದ್ದು ಸರಿ ಅಂತ ಈಗಲೂ ಹೇಳ್ತೀನಿ. ಮಳೆ, ಕತ್ತಲು, ಜಿಗಣೆ, ಸ್ಟೆಪ್ನಿ ಮೊದಲೇ ಪಂಚರ್. ಅಲ್ಲಿ ಬೇರೇನು ಮಾಡೋದು?

ಮಾರನೇ ದಿನ ಪೇಟೆ ಪಂಚರ್ ಅಂಗಡಿಗೆ ತಗೊಂಡ್ ಹೋದ್ವಿ. ಅಲ್ಲಿರೋ ಕಾಕಾ ನಮ್ಮ ಅಜ್ಜನ ಜೀಪಿನ ಕಾಲದಿಂದ ನಮ್ಮ ಮನೆಗೆ ಪಂಚರ್ ಹಾಕಿದವರು. ಸೀಳಲ್ಲಿ ಬೆರಳು ಹಾಕಿ ನೋಡಿ, "ಇದು ನಾನ್ ಹಾಕಲ್ಲ ಮೋನೇ, ಬಿಸಾಕು" ಅಂದ್ರು. ವಾಪಸ್ ಬರ್ತಾ ಅಣ್ಣ, "ಕಾಕಾಗೆ ವಯಸ್ಸಾಯ್ತು, ಕೆಲಸ ಮಾಡೋಕೆ ಸೋಮಾರಿತನ" ಅಂದ. ನಾನು "ಹೊಸ ಟೈರ್ ಮಾರೋ ಪ್ಲಾನು" ಅಂದೆ. ಕಾಕಾ ಟೈರ್ ಮಾರೋದೇ ಇಲ್ಲ, ಮಾರಾಯ್ರೆ. ಪಂಚರ್ ಹಾಕಿದ್ರೇ ಅವರಿಗೆ ದುಡ್ಡು. ಬೇಡ ಅಂದಿದ್ದರಿಂದ ಅವರಿಗೆ ಆಗಿದ್ದು ನಷ್ಟ. ಅಷ್ಟು ಸಣ್ಣ ಲೆಕ್ಕ ಆವತ್ತು ನಮ್ಮಿಬ್ಬರ ತಲೆಗೂ ಹೋಗ್ಲಿಲ್ಲ.

ಆಮೇಲೆ ಮನೇಲಿ ಮಾಡಿದ್ದನ್ನ ನೀವು ನೋಡಿದ್ದೀರಿ. ಹನ್ನೊಂದು ಹೊಲಿಗೆ, ಒಳಗಿಂದ ದೊಡ್ಡ ಪ್ಯಾಚು, ಅದರ ಮೇಲೆ ಗೇಟರ್, ಅದರೊಳಗೆ ಟ್ಯೂಬು. ಎರಡು ವಾರ ತೋಟದಲ್ಲೇ ಓಡಿಸಿದ್ವಿ. ಏನೂ ಆಗ್ಲಿಲ್ಲ. ಅದೇ ನಮ್ಮನ್ನ ಕೆಡಿಸಿದ್ದು.

ಮೂರನೇ ವಾರ ಅಮ್ಮನ ಕಣ್ಣು ತೋರ್ಸೋಕೆ ಹಾಸನಕ್ಕೆ ಹೊರಟ್ವಿ. ಬೇಲೂರು ದಾಟಿದ ಮೇಲೆ ರಸ್ತೆ ನೇರ ಇದೆ, 75ರಲ್ಲಿ ಹೋಗ್ತಿದ್ದೆ. ಸದ್ದು ಪಟಾಕಿ ಥರ ಅಲ್ಲ, ದಪ್ಪ ಬಟ್ಟೆ ಹರಿದ ಹಾಗೆ. ಮುಂದಿನ ಎಡ ಚಕ್ರ. ಸ್ಟೇರಿಂಗು ಕೈಯಿಂದ ಕಿತ್ಕೊಂಡು ಎಡಕ್ಕೆ ಹೋಯ್ತು. ಎರಡು ಮರದ ನಡುವೆ ನುಗ್ಗಿ ಶುಂಠಿ ಗದ್ದೆಯಲ್ಲಿ ನಿಂತ್ವಿ. ಮರಕ್ಕೂ ನಮಗೂ ಎಷ್ಟು ಅಂತರ ಇತ್ತು ಅಂತ ನಾನು ಅಳೆದಿಲ್ಲ. ಅಳೆಯೋ ಧೈರ್ಯ ಇರಲಿಲ್ಲ. ಅಮ್ಮ ಬೆಲ್ಟ್ ಹಾಕಿರಲಿಲ್ಲ, ಹಾಕ್ಕೊಳಿ ಅಂತ ನಾನೂ ಹೇಳಿರಲಿಲ್ಲ. ಹಣೆ ಡ್ಯಾಶ್‌ಬೋರ್ಡಿಗೆ ಹೊಡೀತು. ನಾಲ್ಕು ಹೊಲಿಗೆ.

ಆಸ್ಪತ್ರೇಲಿ ಕೂತಾಗ ಅಮ್ಮ ಒಂದೇ ಮಾತು ಕೇಳಿದ್ದು: "ಕಾಕಾ ಬೇಡ ಅಂದಿದ್ದು ಇದೇ ಟೈರಾ?"

ಭಾಗ 3

ಹಾಗಾದ್ರೆ ಹೊಲಿಗೆ ಬಿಚ್ಚಿತಾ? ಇಲ್ಲ. ಆ ಹರಿದ ಟೈರನ್ನ ಆಮೇಲೆ ಕಾಕಾ ಮುಂದೆ ಹಾಕ್ದಾಗ ನಾನು ನೋಡಿದ್ದೇ ಅದನ್ನ. ನಮ್ಮ ನೈಲಾನ್ ದಾರ ಗಟ್ಟಿಯಾಗೇ ಇತ್ತು, ಗಂಟೂ ಹಾಗೇ ಇತ್ತು. ಹರಿದಿದ್ದು ಹೊಲಿಗೆಯ ತೂತುಗಳ ಸಾಲಿನಲ್ಲಿ, ಚೆಕ್ ಬುಕ್ಕಿಂದ ಹಾಳೆ ಹರೀತೀವಲ್ಲ, ಹಾಗೆ. ಎರಡು ಇಂಚಿನ ಗಾಯ ಮುಚ್ಚೋಕೆ ಹೋಗಿ ಅದರ ಎರಡೂ ಕಡೆ ನಾವೇ ತೂತು ಕೊರೆದು ಹರಿಯೋಕೆ ಗೆರೆ ಹಾಕಿಕೊಟ್ಟಿದ್ವಿ.

ಇದು ಅರ್ಥ ಆಗ್ಬೇಕು ಅಂದ್ರೆ ಟೈರ್ ಹೇಗಿರುತ್ತೆ ಅಂತ ಗೊತ್ತಿರಬೇಕು. ನಾವು ಟೈರ್ ಅಂದ್ರೆ ರಬ್ಬರ್ ಅಂದ್ಕೊಂಡಿದ್ದೀವಿ. ಗಾಳಿಯ ಒತ್ತಡ ತಡೆಯೋದು ರಬ್ಬರ್ ಅಲ್ಲ, ಅದರೊಳಗಿನ ದಾರಗಳು. ರೇಡಿಯಲ್ ಟೈರಲ್ಲಿ ಆ ದಾರಗಳು ರಿಮ್ಮಿನ ಒಂದು ಅಂಚಿಂದ ಹೊರಟು, ಮೇಲೆ ಸುತ್ತಿ, ಇನ್ನೊಂದು ಅಂಚಿಗೆ ಬಂದು ಸೇರ್ತವೆ. ಸಾಮಾನ್ಯವಾಗಿ ಕಾರು ಜೀಪಿನ ಟೈರಲ್ಲಿ ಪಾಲಿಯೆಸ್ಟರ್ ದಾರ. ರಸ್ತೆಗೆ ತಾಗೋ ಟ್ರೆಡ್ ಭಾಗದಲ್ಲಿ ಅದರ ಮೇಲೆ ಉಕ್ಕಿನ ತಂತಿಯ ಪಟ್ಟಿಗಳು ಬೇರೆ ಇರ್ತವೆ. ಪಕ್ಕದಲ್ಲಿ, ಅಂದ್ರೆ ಸೈಡ್‌ವಾಲ್‌ನಲ್ಲಿ, ಆ ಉಕ್ಕು ಇಲ್ಲ. ಒಂದು ಅಥವಾ ಎರಡು ಪದರ ದಾರ, ಮೇಲೆ ರಬ್ಬರ್, ಅಷ್ಟೇ.

ರಬ್ಬರಿಗೆ ರಬ್ಬರ್ ಅಂಟುತ್ತೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಹಾಕಿ ಬಿಸಿ ಮಾಡಿ ರಬ್ಬರನ್ನ ಗಟ್ಟಿ ಮಾಡೋದು ಕಂಡುಹಿಡಿದ ಮೇಲೆ ಬಂದ ವಿದ್ಯೆನೇ ಇವತ್ತಿಗೂ ಪಂಚರ್ ಅಂಗಡೀಲಿ ಹಾಟ್ ಪ್ಯಾಚ್ ಆಗಿ ನಡೀತಾ ಇರೋದು. ಆದರೆ ತುಂಡಾದ ದಾರ ಮತ್ತೆ ಸೇರಲ್ಲ. ಮೇಲೆ ಏನು ಅಂಟಿಸಿದ್ರೂ ಅದು ಗಾಳಿ ಸೋರದ ಹಾಗೆ ಮುಚ್ಚುತ್ತೆ, ಬಲ ಕೊಡಲ್ಲ. ಟ್ಯೂಬ್ ಹಾಕಿದ್ರೂ ಅಷ್ಟೇ, ಸೋರಿಕೆ ನಿಲ್ಲುತ್ತೆ, ಗಾಯ ಹಾಗೇ ಇರುತ್ತೆ. ಇನ್ನೂ ಕೆಟ್ಟದ್ದು ಅಂದ್ರೆ, ಸೋರದೇ ಇರೋದ್ರಿಂದ ನಮಗೆ ಎಚ್ಚರಿಕೆ ಸಿಗಲ್ಲ.

ಒತ್ತಡ ಎಷ್ಟು ಅಂತ ಲೆಕ್ಕ ಹಾಕಿ. 30 ಪಿಎಸ್‌ಐ ಅಂದ್ರೆ ಒಂದು ಚದರ ಸೆಂಟಿಮೀಟರಿಗೆ 2 ಕೆಜಿ ಚಿಲ್ಲರೆ. ನಾವು ಅಂಟಿಸಿದ ಪ್ಯಾಚ್ ಅಂಗೈ ಅಗಲ, 10 ಸೆಂಟಿಮೀಟರ್ ಉದ್ದ, 10 ಅಗಲ. ಅದರ ಬೆನ್ನಿಗೆ 200 ಕೆಜಿ ದಾಟುತ್ತೆ. ನಾಲ್ಕು ಚೀಲ ಕಾಫಿ, 180 ರೂಪಾಯಿ ಸಾಮಾನಿನ ಮೇಲೆ.

ಅದೂ ಸುಮ್ಮನೆ ನಿಂತಾಗ. ಓಡುವಾಗ ಟೈರಿನ ಪ್ರತಿ ಭಾಗವೂ ನೆಲಕ್ಕೆ ಬಂದಾಗೊಮ್ಮೆ ಮಡಚಿ, ಮೇಲೆ ಹೋದಾಗ ನೆಟ್ಟಗಾಗುತ್ತೆ. ನಮ್ಮದು ಹಳೇ ಥಾರ್, 235/70 ಆರ್ 16 ಸೈಜು. ಒಂದು ಸುತ್ತಿಗೆ ಸುಮಾರು 2.3 ಮೀಟರ್. ತೋಟದಲ್ಲಿ 10 ಕಿಲೋಮೀಟರ್ ವೇಗದಲ್ಲಿ ಹೋಗ್ತಿದ್ರೆ ಆ ಗಾಯ ಸೆಕೆಂಡಿಗೆ ಒಂದು ಸಲ ಮಡಚುತ್ತೆ. 75ರಲ್ಲಿ ಸೆಕೆಂಡಿಗೆ 9 ಸಲ. ಮನೆಯಿಂದ ಶುಂಠಿ ಗದ್ದೆವರೆಗೆ 40 ಕಿಲೋಮೀಟರ್, ಅಂದ್ರೆ 17 ಸಾವಿರ ಸಲ. ಒಂದು ಕಬ್ಬಿಣದ ತಂತೀನ ಹಿಂದೆ ಮುಂದೆ ಬಗ್ಗಿಸಿದ್ರೆ ಎಷ್ಟನೇ ಸಲಕ್ಕೆ ತುಂಡಾಗುತ್ತೆ ಅಂತ ಎಲ್ರೂ ಚಿಕ್ಕವರಿದ್ದಾಗ ನೋಡಿದ್ದೀವಿ.

ತೋಟದಲ್ಲಿ ಎರಡು ವಾರ ಓಡಿತು ಅನ್ನೋದು ಹಾಸನ ರಸ್ತೆಗೆ ಸರ್ಟಿಫಿಕೇಟ್ ಅಲ್ಲ ಅಂತ ಇದಕ್ಕೇ ಹೇಳ್ತಿರೋದು. ನಾನು ಮೆಕ್ಯಾನಿಕಲ್ ಓದ್ತಾ ಇದ್ದೀನಿ. ಫಟೀಗ್ ಅನ್ನೋ ಚಾಪ್ಟರ್ ಪರೀಕ್ಷೇಲಿ ಬರೆದು ಪಾಸೂ ಆಗಿದ್ದೀನಿ. ನಗಬೇಡಿ.

ಭಾಗ 4

ಕಾಮೆಂಟಲ್ಲಿ ಎರಡು ಪ್ರಶ್ನೆ ಖಂಡಿತ ಬರುತ್ತೆ, ಮೊದಲೇ ಹೇಳಿಬಿಡ್ತೀನಿ.

"ನಮ್ಮ ತಾತ ಗೇಟರ್ ಹಾಕಿ ಐದು ವರ್ಷ ಓಡಿಸಿದ್ರು." ಹೌದು, ಓಡಿಸಿದ್ರು, ಸುಳ್ಳಲ್ಲ. ನಮ್ಮಜ್ಜನೂ ಓಡಿಸಿದ್ದಾರೆ. ಆಗಿನ ಜೀಪಿಗೆ ಇದ್ದಿದ್ದು 6.00-16 ನೈಲಾನ್ ಟೈರು. ದಾರದ ಪದರಗಳು ಒಂದರ ಮೇಲೊಂದು ಅಡ್ಡಡ್ಡ, ಪಕ್ಕದಲ್ಲೂ ಅಷ್ಟೇ ದಪ್ಪ, ಒಳಗೆ ಹೇಗೂ ಟ್ಯೂಬು. ಆ ಜೀಪು ಆಗಿನ ರಸ್ತೇಲಿ 50 ದಾಟಿದ್ರೆ ಕೂತವರು ದೇವರನ್ನ ನೆನೀತಿದ್ರು. ಆ ಟೈರು ಬೇರೆ, ಆ ವೇಗ ಬೇರೆ. ತಾತನ ಬುದ್ಧಿ ತಗೊಂಡು ರೇಡಿಯಲ್‌ಗೆ ಹಾಕಿದ್ರೆ ಅದು ತಾತನ ತಪ್ಪಲ್ಲ.

"ಅಮೆರಿಕದವರು ಮಾಡ್ತಾರಲ್ಲ, ವಿಡಿಯೋ ಇದೆಯಲ್ಲ." ನಾವು ಹೊಲಿಗೆ ಕಲಿತಿದ್ದೂ ಅಲ್ಲೇ. ಅಲ್ಲಿ ಹೊರಗಿಂದ ಅಂಟಿಸೋ ಸೈಡ್‌ವಾಲ್ ಪ್ಯಾಚ್ ಕಿಟ್ ಸಿಗುತ್ತೆ, ಹೊಲಿಯೋಕೆ ಸೂಜಿ ದಾರದ ಕಿಟ್ಟೂ ಸಿಗುತ್ತೆ. ಆದರೆ ಆ ವಿಡಿಯೋಗಳನ್ನ ಈಗ ಮತ್ತೆ ನೋಡಿ, ಕೊನೇವರೆಗೂ ನೋಡಿ. ಅವರಲ್ಲಿ ಎಷ್ಟೋ ಜನ ಓಡಿಸ್ತಿರೋದು ಎಟಿವಿ, ಇಲ್ಲಾಂದ್ರೆ ಎರಡು ಸೀಟಿನ ಬಗ್ಗಿ ಥರದ ಗಾಡಿ. ಅದನ್ನ ದೊಡ್ಡ ಪಿಕಪ್ಪಿನ ಹಿಂದೆ ಟ್ರೈಲರ್ ಮೇಲೆ ಹೇರಿ ತರ್ತಾರೆ, ಕೆಸರಲ್ಲಿ ಆಡ್ತಾರೆ, ಮತ್ತೆ ಟ್ರೈಲರ್ ಮೇಲೆ ಹೇರಿ ಮನೆಗೆ ತಗೊಂಡ್ ಹೋಗ್ತಾರೆ. ಹೊಲಿದ ಟೈರು ಹೈವೇ ಮೇಲೆ ಹೋಗುತ್ತೆ ನಿಜ, ಆದರೆ ತಿರುಗದೇ ಹೋಗುತ್ತೆ!

ನಮ್ಮಲ್ಲಿ ಹಾಗಲ್ಲ. ಬೆಳಿಗ್ಗೆ ಗೊಬ್ಬರ ಹೊರೋದು, ಮಧ್ಯಾಹ್ನ ಕೆಲಸದೋರಿಗೆ ಊಟ ತಲುಪಿಸೋದು, ಭಾನುವಾರ ಆಫ್‌ರೋಡ್, ಸೋಮವಾರ ಅಮ್ಮನ ಜೊತೆ ಆಸ್ಪತ್ರೆ, ಎಲ್ಲಕ್ಕೂ ಅದೇ ಜೀಪು, ಅದೇ ನಾಲ್ಕು ಟೈರು. ಅವರ ರಿಪೇರಿ ಅವರ ಗಾಡಿಗೆ ಸರಿ ಇರಬಹುದು. ನಾವು ರಿಪೇರಿ ಮಾತ್ರ ತಗೊಂಡ್ವಿ, ಟ್ರೈಲರ್ ತಗೊಳ್ಳಲಿಲ್ಲ.

ಭಾಗ 5

ಹಾಗಂತ ಮನೇಲಿ ಟೈರ್ ಮುಟ್ಟಲೇಬೇಡಿ ಅಂತ ನಾನು ಹೇಳ್ತಿಲ್ಲ. ಅದಕ್ಕೆ ಉಲ್ಟಾ. ಟ್ರೆಡ್ ಪಂಚರ್ ಹಾಕೋದು ಗಾಡಿ ಓಡಿಸೋ ಪ್ರತಿಯೊಬ್ಬರಿಗೂ ಬರಬೇಕು, ಹುಡುಗೀರಿಗೂ. ಕಳೆದ ವಾರ ನಮ್ಮ ಕ್ಲಾಸಿನವಳೇ ಒಬ್ಬಳು ಚಾರ್ಮಾಡಿ ಘಾಟಿನಲ್ಲಿ ಇಬ್ಬರು ಗಂಡಸರು ನೋಡ್ತಾ ನಿಂತಿದ್ದಾಗ ತಾನೇ ಹಾಕಿಕೊಂಡು ಬಂದಳು.

ಟ್ರೆಡ್‌ನಲ್ಲಿ ಮೊಳೆ ಹೋಗಿದ್ರೆ ಕಂಡ ತಕ್ಷಣ ಕೀಳಬೇಡಿ. ಗಾಡಿ ಸಮ ಜಾಗಕ್ಕೆ ತನ್ನಿ, ಹ್ಯಾಂಡ್‌ಬ್ರೇಕ್, ಬೇರೆ ಚಕ್ರಕ್ಕೆ ಕಲ್ಲು. ಮೊಳೆ ಯಾವ ಓರೆಯಲ್ಲಿ ಹೋಗಿದೆ ಅಂತ ಕಣ್ಣಲ್ಲಿ ಇಟ್ಕೊಳ್ಳಿ, ಸೀಮೆಸುಣ್ಣದಲ್ಲಿ ಗುರುತು ಮಾಡಿ, ಆಮೇಲೆ ಇಕ್ಕಳದಲ್ಲಿ ಎಳೀರಿ. ಕಿಟ್‌ನಲ್ಲಿ ಬರೋ ಅರದ ಥರದ ಸಲಾಕೇನ ಅದೇ ಓರೆಯಲ್ಲಿ ಹಾಕಿ ತಿರುಗಿಸ್ತಾ ತೂತು ಉಜ್ಜಿ. ಬೇರೆ ಓರೆಯಲ್ಲಿ ಚುಚ್ಚಿದ್ರೆ ಹೊಸ ತೂತು ನೀವೇ ಮಾಡಿದ ಹಾಗೆ. ಸ್ಟ್ರಿಪ್ಪಿಗೆ ಅಂಟು ಸವರಿ, ಎರಡೂ ತುದಿ ಸ್ವಲ್ಪ ಆಚೆ ಉಳಿಯೋ ಹಾಗೆ ತಳ್ಳಿ, ಸೂಜೀನ ಒಂದೇ ಎಳೆತಕ್ಕೆ ಹೊರಗೆ ತೆಗೀರಿ. ಉಳಿದ ಬಾಲ ಕತ್ತರಿಸಿ. ಗಾಳಿ ತುಂಬಿ ಸೋಪಿನ ನೀರು ಹಾಕಿ. ಗುಳ್ಳೆ ಬಂದ್ರೆ ಮತ್ತೆ.

ಇಲ್ಲಿಗೆ ಮುಗೀಲಿಲ್ಲ. ಅಮೆರಿಕದ ಟೈರ್ ತಯಾರಕರ ಸಂಘದ ನಿಯಮ ಇದೆ: ರಿಪೇರಿ ಟ್ರೆಡ್ ಭಾಗಕ್ಕೆ ಮಾತ್ರ, ತೂತು ಕಾಲು ಇಂಚು ಅಂದ್ರೆ 6 ಮಿಲಿಮೀಟರಿಗಿಂತ ದೊಡ್ಡದಿರಬಾರದು, ಟೈರನ್ನ ರಿಮ್ಮಿಂದ ತೆಗೆದು ಒಳಗೆ ನೋಡಲೇಬೇಕು, ತೂತು ತುಂಬೋಕೂ ಒಳಗಿಂದ ಮುಚ್ಚೋಕೂ ಎರಡೂ ಬೇಕು. ಬರೀ ಹೊರಗಿನ ಸ್ಟ್ರಿಪ್ಪನ್ನ ಅವರು ಪೂರ್ತಿ ರಿಪೇರಿ ಅಂತ ಒಪ್ಪಲ್ಲ. ನಮ್ಮ ಅಂಗಡಿಗಳಲ್ಲಿ ಮಶ್ರೂಮ್ ಪ್ಯಾಚ್ ಅಂತಾರಲ್ಲ, ಒಳಗಿಂದ ಹಾಕೋದು, ಅದು ಈ ಎರಡೂ ಕೆಲಸ ಮಾಡುತ್ತೆ. ಸ್ಟ್ರಿಪ್ ಹಾಕಿ ಮನೆಗೆ ಬನ್ನಿ, ಬಿಡುವಾದಾಗ ಅದನ್ನ ಹಾಕಿಸಿ. ಒಳಗೆ ಯಾಕೆ ನೋಡಬೇಕು ಅಂದ್ರೆ, ಗಾಳಿ ಇಲ್ಲದೇ ಸ್ವಲ್ಪ ದೂರ ಓಡಿಸಿದ್ರೂ ಸೈಡ್‌ವಾಲ್ ಒಳಗೆ ಅರೆದುಹೋಗಿರುತ್ತೆ. ಬಿಚ್ಚಿದಾಗ ಕಪ್ಪು ರಬ್ಬರ್ ಪುಡಿ ಉದುರಿದ್ರೆ ಆ ಟೈರಿನ ಕಥೆ ಮುಗೀತು, ಹೊರಗಿಂದ ಎಷ್ಟು ಚೆನ್ನಾಗಿ ಕಂಡ್ರೂ.

ಸೈಡ್‌ವಾಲ್‌ನಲ್ಲಿ ಮೇಲಿನ ರಬ್ಬರ್ ಮಾತ್ರ ಕಿತ್ತು ಬಂದಿದ್ರೆ, ದಾರ ಕಾಣ್ತಿಲ್ಲ ಅಂದ್ರೆ, ಅಷ್ಟು ಹೆದರಬೇಡಿ. ತೊಳೆದು, ಒಣಗಿಸಿ, ಕೆಸರು ನೀರು ಇಳಿಯದ ಹಾಗೆ ರಬ್ಬರ್ ಅಂಟು ಹಾಕಿ, ಕಾಕಾ ಥರದವರಿಗೆ ಒಮ್ಮೆ ತೋರಿಸಿ, ಆಮೇಲೂ ದಿನಾ ಕಣ್ಣಿಟ್ಟಿರಿ. ದಾರದ ಎಳೆ ಕಂಡ್ರೆ ಅಥವಾ ಎಲ್ಲಾದರೂ ನಿಂಬೆಹಣ್ಣಿನಷ್ಟು ಉಬ್ಬಿದ್ರೆ ಒಳಗೆ ದಾರ ತುಂಡಾಗಿದೆ ಅಂತಲೇ. ಫೆವಿಕ್ವಿಕ್ ಹಾಕೋರಿಗೆ ನಾನೇನೂ ಹೇಳಲ್ಲ.

ಇನ್ನೊಂದು ಮರೆತಿದ್ದೆ. ರಿಮ್ಮಿಂದ ಜಾರಿದ ಟೈರನ್ನ ಕೂರಿಸೋಕೆ ಒಳಗೆ ಪೆಟ್ರೋಲೋ ಡಿಯೋಡರೆಂಟೋ ಹೊಡೆದು ಬೆಂಕಿ ಹಚ್ಚೋ ವಿಡಿಯೋ ಕಳಿಸ್ತೀರಲ್ಲ ನನಗೆ, "ಇದನ್ನ ಟ್ರೈ ಮಾಡಣ್ಣಾ" ಅಂತ. ಮಾಡಲ್ಲ. ನೀವೂ ಮಾಡಬೇಡಿ. ಆ ವಿಡಿಯೋ ಹಾಕಿದವನ ಹುಬ್ಬು ಝೂಮ್ ಮಾಡಿ ನೋಡಿ.

ಭಾಗ 6

ಈಗ ನಿಜವಾದ ಪ್ರಶ್ನೆ, ದುಡ್ಡು. "ನಿಮಗೆ ತೋಟ ಇದೆ, 9 ಸಾವಿರ ಕೊಟ್ಟು ಟೈರ್ ಹಾಕ್ತೀರಿ. ನಮ್ಮಪ್ಪ ಬಾಡಿಗೆ ಜೀಪ್ ಓಡಿಸ್ತಾರೆ" ಅಂತ ಒಬ್ಬರು ಬರೆದಿದ್ರು. ಇದಕ್ಕೆ ನನ್ನ ಹತ್ರ ಚಂದದ ಉತ್ತರ ಇಲ್ಲ. 9 ಸಾವಿರ ಅಂದ್ರೆ 9 ಸಾವಿರವೇ. ನನಗೆ ಗೊತ್ತಿರೋದು ಇಷ್ಟು: ಹೊಸದೇ ಬೇಕು ಅಂತಿಲ್ಲ. ಸೆಕೆಂಡ್ ಹ್ಯಾಂಡ್ ಟೈರ್ ತಗೊಳ್ಳೋದಾದ್ರೆ ಪಕ್ಕದಲ್ಲಿ ಡಿಒಟಿ ಅಂತ ಇರೋ ಸಾಲಿನ ಕೊನೇ ನಾಲ್ಕು ಅಂಕಿ ನೋಡಿ. 2321 ಅಂದ್ರೆ 2021ರ 23ನೇ ವಾರ ತಯಾರಾಗಿದ್ದು. ಒಳಗೆ ಕೈಯಾಡಿಸಿ, ಹಳೇ ಪ್ಯಾಚ್, ಗೇಟರ್, ಸುಕ್ಕು ಇದ್ರೆ ವಾಪಸ್ ಕೊಡಿ. ನಾಲ್ಕು ಟೈರಲ್ಲಿ ಒಂದು ಹೋಗಿದ್ರೆ ಒಳ್ಳೇ ಸ್ಥಿತಿಯ ಸ್ಟೆಪ್ನಿ ಕೆಳಗೆ ಬರಲಿ, ಸೆಕೆಂಡ್ ಹ್ಯಾಂಡ್ ಸ್ಟೆಪ್ನಿ ಜಾಗಕ್ಕೆ ಹೋಗಲಿ.

ನನಗೆ ಸಿಟ್ಟು ಬರೋದು ಬಾಡಿಗೆ ಜೀಪಿನವರ ಮೇಲಲ್ಲ. ಮುಂದೆ 40 ಸಾವಿರದ ಬಂಪರ್, ಮೇಲೆ ಲೈಟ್ ಬಾರ್, ಪಕ್ಕದಲ್ಲಿ ಸ್ಟಿಕರ್, ಹಿಂದೆ ನೋಡಿದ್ರೆ ಬೋಳು ಸ್ಟೆಪ್ನಿ. ಹಾಗೆ ಬರೋರು ಪ್ರತಿ ಡ್ರೈವ್‌ನಲ್ಲೂ ಇಬ್ಬರಾದ್ರೂ ಇರ್ತಾರೆ. ಅಂಥವರಲ್ಲಿ ನಾನೂ ಒಬ್ಬ ಆಗಿದ್ದೆ, ಬಂಪರ್ ಒಂದು ಇರಲಿಲ್ಲ ಅಷ್ಟೇ. ಆ ದಿನ ನಮ್ಮ ಸ್ಟೆಪ್ನಿ ಪಂಚರ್ ಆಗಿ ಎರಡು ತಿಂಗಳಾಗಿತ್ತು.

ರಿಪೇರಿ ಮಾಡಿದ ಸೈಡ್‌ವಾಲ್ ಟೈರ್ ತೋಟದೊಳಗೆ ಮಾತ್ರ ಓಡಿಸ್ತೀವಿ ಅನ್ನೋರಿದ್ದಾರೆ. ಟ್ರ್ಯಾಕ್ಟರ್ ಟ್ರೈಲರಿಗೆ ಹಾಕಿ ಗೊಬ್ಬರ ಹೊರೋದಾದ್ರೆ ನನ್ನದೇನೂ ತಕರಾರಿಲ್ಲ. ಆದರೆ ಅದರ ಮೇಲೆ ಜನ ಕೂರಬಾರದು. ತೋಟದ ರಸ್ತೆ ನಿಧಾನ ಇರಬಹುದು, ಒಂದು ಪಕ್ಕ ಇಳಿಜಾರೂ ಇರುತ್ತೆ. ಕೊಯ್ಲಿನ ಸಮಯದಲ್ಲಿ ಒಂದು ಪಿಕಪ್ಪಿನ ಹಿಂದೆ ಎಷ್ಟು ಜನ ನಿಂತು ಬರ್ತಾರೆ ಅಂತ ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ. ಅವರ್ಯಾರೂ ಟೈರ್ ನೋಡಿ ಹತ್ತಲ್ಲ. ಹತ್ತೋದು ಅವರು, ಉಳಿಯೋ 9 ಸಾವಿರ ನಮ್ಮದು. ಆ ಹುಡುಗನ ಫೋಟೋ ನೋಡಿದಾಗ ನನಗೆ ಮೊದಲು ಕಣ್ಣಿಗೆ ಬಂದಿದ್ದು ಇದೇ.

ಭಾಗ 7, ಕೊನೇದು

ಹಳೇ ರೀಲ್ ಡಿಲೀಟ್ ಮಾಡು ಅಂತ ಅಣ್ಣ ಹೇಳಿದ. ಮಾಡಲ್ಲ. ಈಗಾಗಲೇ ಸೇವ್ ಮಾಡ್ಕೊಂಡವರ ಹತ್ರ ಅದು ಇದ್ದೇ ಇರುತ್ತೆ. ಅದರ ಕ್ಯಾಪ್ಶನ್ ಬದಲಾಯಿಸಿ, ಮೊದಲ ಕಾಮೆಂಟಲ್ಲಿ ಈ ಏಳು ಭಾಗದ ಬಗ್ಗೆ ಬರೆದು ಪಿನ್ ಮಾಡಿದ್ದೀನಿ. ಅದನ್ನ ನೋಡಿ ಯಾರಾದ್ರೂ ಹೊಲಿದಿದ್ರೆ ದಯವಿಟ್ಟು ಡಿಎಂ ಮಾಡಿ, ಬೈಯಲ್ಲ. ಬೈಯೋ ಯೋಗ್ಯತೆ ನನಗಿಲ್ಲ.

ಹರಿದ ಟೈರ್ ಈಗ ಕಾಕಾ ಅಂಗಡಿ ಮುಂದೆ ನೇತಾಡ್ತಿದೆ. ಅವರೇ ಕೇಳಿ ಇಟ್ಕೊಂಡ್ರು. ಸೈಡ್‌ವಾಲ್‌ಗೆ ಪ್ಯಾಚ್ ಹಾಕಿ ಅಂತ ಹಠ ಮಾಡೋ ಹುಡುಗರು ಬಂದ್ರೆ ಮಾತಾಡದೇ ಅದರ ಕಡೆ ಬೆರಳು ತೋರಿಸ್ತಾರಂತೆ.

ಮುಂದಿನ ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಮನೆ ಅಂಗಳದಲ್ಲಿ ಟ್ರೆಡ್ ಪಂಚರ್ ಹಾಕೋದು ಕಲಿಸ್ತೀನಿ, ಕ್ಲಾಸಿನವರು ಬನ್ನಿ. ಹಳೇ ಟೈರ್, ಮೊಳೆ ನಮ್ಮಲ್ಲೇ ಇದೆ. ಕಿಟ್ ಇದ್ದವರು ತನ್ನಿ. ಕಾಕಾನೂ ಬರ್ತೀನಿ ಅಂದಿದ್ದಾರೆ, ಮಧ್ಯಾಹ್ನ ಊಟ ಇದ್ರೆ ಮಾತ್ರ. ಅಮ್ಮ ಕಡುಬು ಮಾಡ್ತೀನಿ ಅಂದಿದ್ದಾಳೆ.

#ಮಲೆನಾಡು #ಜೀಪು #ಪಂಚರ್ #ಸ್ಟೆಪ್ನಿ_ಚೆಕ್_ಮಾಡಿ